ಮಾಚಾ ಕುಡಿದಾಯ್ತು, ನಮ್ಮ ಮಳೆ ಕಾಫಿ?

ಜಪಾನಿನ ಉಜಿ ಪಟ್ಟಣದಲ್ಲಿ ಗೈಡ್ ಜೊತೆ ನಡೆದೇ ಹಸಿರು ಚಹಾದ ತೋಟ, ಹಳೇ ಅಂಗಡಿಗಳನ್ನು ನೋಡಬಹುದು. ರೀಲ್ಸ್ ನೋಡಿ ನಾವೂ ಮಣ್ಣಗುಡ್ಡದಲ್ಲಿ ಕೂತು ಮಾಚಾ ಕುಡಿದೆವು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ.

ಆದರೆ ನಮ್ಮೂರ ಮಳೆಗಾಳಿಯೇ ಒಂದು ಕಾಫಿ ಹದ ಮಾಡುತ್ತೆ ಅಂತ ಎಷ್ಟು ಜನಕ್ಕೆ ಗೊತ್ತು? ಹಾಯಿಹಡಗಿನಲ್ಲಿ ಯುರೋಪಿಗೆ ತಿಂಗಳುಗಟ್ಟಲೆ ಸಾಗುವಾಗ ಬೀಜ ತೇವ ಹೀರಿ, ಉಬ್ಬಿ, ಹಳದಿಯಾಗುತ್ತಿತ್ತು. ಅಲ್ಲಿಯವರಿಗೆ ಆ ರುಚಿಯೇ ಹಿಡಿಸಿತು. ಅದಕ್ಕೇ ಇವತ್ತಿಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಗೋದಾಮುಗಳಲ್ಲಿ ಬೀಜ ಹರಡಿ, ಕೆದಕಿ, ಗೋಣಿಗೆ ಸಡಿಲವಾಗಿ ತುಂಬಿ ಗಾಳಿಗೆ ಇಡ್ತಾರೆ. ಹೆಸರು ‘ಮಾನ್ಸೂನ್ಡ್ ಮಲಬಾರ್’. ಅದರಲ್ಲೂ ಮಂಗಳೂರಿಲ್ಲ!

ಈ ಮಳೆಗಾಲ ಕನ್ನಡ ಸಂಘದಿಂದಲೇ ಒಂದು ನಡಿಗೆ ಇಡೋಣ: ಮಣ್ಣಗುಡ್ಡದಿಂದ ಹಳೇ ಬಂದರಿಗೆ, ಅನುಮತಿ ಸಿಕ್ಕರೆ ಗೋದಾಮಿನೊಳಗೂ. ಬೀಜ ಕೆದಕುವವರೇ ಗೈಡ್ ಆಗಲಿ, ಮಾಚಾಕ್ಕೆ ಕೊಟ್ಟಷ್ಟು ದುಡ್ಡನ್ನು ಅವರಿಗೂ ಕೊಡೋಣ. ಕೊಡೆ ಮರೀಬೇಡಿ.