ಕಲ್ಲುಗಳ ಸಾಕ್ಷಿಗೆ ಅಂಜುವುದೇಕೆ?

ಶ್ರೀರಂಗಪಟ್ಟಣದ ಮಗ್ಗುಲಿನ ಬಾಬುರಾಯನಕೊಪ್ಪಲಿನಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಸಂಜೆಯ ಜಪಸರ ಮುಗಿದಿತ್ತು. ಪಿಯುಸಿ ಓದುವ ಹುಡುಗ ಟಿ.ವಿ.ಯ ಮುಂದೆ ಕುಳಿತ. ಭೂಮಿಯ ಮೊದಲ ಜೀವ ಹೇಗೆ ಮೂಡಿರಬಹುದೆಂಬುದನ್ನು ಕುರಿತ ಇಂಗ್ಲಿಷ್ ಸಾಕ್ಷ್ಯಚಿತ್ರವೊಂದು ಬರುತ್ತಿತ್ತು. ಐದು ನಿಮಿಷ ಕಳೆದಿರಲಿಲ್ಲ. ಅಡುಗೆಮನೆಯಿಂದ ಬಂದ ಅಜ್ಜಿ, "ಬದಲಾಯಿಸಪ್ಪ ಅದನ್ನ. ದೇವರೇ ಇಲ್ಲ ಅನ್ನೋರ ಮಾತು ನಮ್ಮನೇಲಿ ಬೇಡ" ಎಂದರು. ಹುಡುಗ ಮರುಮಾತಿಲ್ಲದೆ ಬದಲಾಯಿಸಿದ. ಮುಂದಿನ ವಾಹಿನಿಯಲ್ಲಿ, ಅನ್ಯಗ್ರಹದವರು ಬಂದು ಪಿರಮಿಡ್ಡುಗಳನ್ನು ಕಟ್ಟಿಹೋದರೆಂಬ 'ನಿಗೂಢ ರಹಸ್ಯ', ಅದೂ ಅಚ್ಚ ಕನ್ನಡದಲ್ಲಿ. ಇಡೀ ಮನೆ ಅದನ್ನು ಊಟದ ಹೊತ್ತಿನವರೆಗೂ ನೋಡಿತು. ಯಾರೂ ಆಕ್ಷೇಪಿಸಲಿಲ್ಲ.

ನಾನು ಹೊರಡುವಾಗ ಗೇಟಿನವರೆಗೆ ಬಂದ ಹುಡುಗ ಮೆಲ್ಲಗೆ ಕೇಳಿದ: "ಕಾಲೇಜಲ್ಲಿ ಓದೋದು ನಿಜವಾದ್ರೆ, ಮನೇಲಿ ಕಲಿತದ್ದು ಸುಳ್ಳಾಗಬೇಕಾ ಅಂಕಲ್?"

ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ತಪ್ಪು ಆ ಅಜ್ಜಿಯದಲ್ಲ. ವಿಜ್ಞಾನವೆಂದರೆ ವಿಶ್ವಾಸದ ಶತ್ರು ಎಂಬ ಭಯವನ್ನು ಅವರ ಮನಸ್ಸಿನಲ್ಲಿ ಬಿತ್ತಿದವರು ನಾವು: ಓದಿಯೂ ಸುಮ್ಮನಿದ್ದವರು, ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳ ಪ್ರಶ್ನೆಯನ್ನು 'ಆಮೇಲೆ ನೋಡೋಣ' ಎಂದು ಮುಂದೂಡಿದವರು. ಹೀಗೆ ಮುಂದೂಡಿಸಿಕೊಂಡ ಮಗು ಜಗಳವಾಡುವುದಿಲ್ಲ. ತನ್ನ ವಿಶ್ವಾಸ ಬೆಳಕಿಗೆ ಹಿಡಿದರೆ ಉಳಿಯದು ಎಂದು ತನ್ನಷ್ಟಕ್ಕೆ ತೀರ್ಮಾನಿಸುತ್ತದೆ. ಒಂದು ದಿನ ಸದ್ದಿಲ್ಲದೆ ದೇವಾಲಯದಿಂದ ದೂರವಾಗುತ್ತದೆ.

ಅಂದು ಆರಿಹೋದ ಚಿತ್ರದಲ್ಲಿ ಅಂಥದ್ದೇನಿತ್ತು? 1953ರಲ್ಲಿ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಎಂಬ ತರುಣ ಸಂಶೋಧಕರು ತಮ್ಮ ಗುರು ಹೆರಾಲ್ಡ್ ಯೂರಿಯವರ ಮಾರ್ಗದರ್ಶನದಲ್ಲಿ ಮೀಥೇನ್, ಅಮೋನಿಯ, ಜಲಜನಕ ಮತ್ತು ನೀರಾವಿಯನ್ನು ಗಾಜಿನ ಪಾತ್ರೆಯಲ್ಲಿ ತುಂಬಿ ವಿದ್ಯುತ್ ಕಿಡಿ ಹಾಯಿಸಿದರು. ಕೆಲವೇ ದಿನಗಳಲ್ಲಿ ಅಮೈನೋ ಆಮ್ಲಗಳು ದೊರೆತವು. ಅವು ಜೀವವಲ್ಲ, ಜೀವಿಗಳ ದೇಹ ಕಟ್ಟುವ ಇಟ್ಟಿಗೆಗಳು. 1977ರಲ್ಲಿ ಗಲಾಪಗೊಸ್ ದ್ವೀಪಗಳ ಬಳಿ, ಸೂರ್ಯನ ಬೆಳಕೇ ತಲುಪದ ಸಮುದ್ರತಳದ ಬಿಸಿನೀರಿನ ಬುಗ್ಗೆಗಳ ಸುತ್ತ ಜೀವಿಗಳ ದೊಡ್ಡ ಸಂಸಾರವೇ ಕಂಡುಬಂತು. ಜೀವ ಅಂಥಲ್ಲಿ ಮೊದಲಾಗಿರಬಹುದೇ ಎಂದು ವಿಜ್ಞಾನಿಗಳು ಇಂದಿಗೂ ಚರ್ಚಿಸುತ್ತಿದ್ದಾರೆ. ನಿರ್ಜೀವ ರಸಾಯನದಿಂದ ಮೊದಲ ಜೀವಕೋಶದವರೆಗಿನ ದಾರಿ ತಮಗಿನ್ನೂ ಪೂರ್ತಿ ತಿಳಿಯದೆಂದು ಪ್ರಾಮಾಣಿಕ ಚಿತ್ರಗಳು ಬಾಯಿಬಿಟ್ಟು ಹೇಳುತ್ತವೆ. ಇದರಲ್ಲಿ ದೇವನಿಂದೆ ಎಲ್ಲಿದೆ?

ಧರ್ಮಸಭೆಯ ನಿಲುವಂತೂ ನಮ್ಮ ಅಂಜಿಕೆಗೆ ಆಸರೆ ಕೊಡುವುದಿಲ್ಲ. ಪ್ರಕೃತಿಯ ವಿಷಯದಲ್ಲಿ ಬಲ್ಲವರ ಮುಂದೆ ಕ್ರೈಸ್ತನೊಬ್ಬ ಪವಿತ್ರ ಗ್ರಂಥದ ಹೆಸರಿನಲ್ಲಿ ಅಸಂಬದ್ಧ ಆಡಿದರೆ ಅದು ವಿಶ್ವಾಸಕ್ಕೇ ಅವಮಾನವೆಂದು ಸಂತ ಅಗಸ್ಟಿನರು ಆದಿಕಾಂಡವನ್ನು ವ್ಯಾಖ್ಯಾನಿಸುತ್ತ ಎಚ್ಚರಿಸಿ 1600 ವರ್ಷಗಳಾದವು. ಜೀವವಿಕಾಸವಾದ ಬರಿಯ ಊಹೆಗಿಂತ ಮಿಗಿಲಾದದ್ದೆಂದು ಜಗದ್ಗುರು ಎರಡನೆಯ ಜಾನ್ ಪಾಲ್‌ರವರು 1996ರಲ್ಲಿ ಒಪ್ಪಿದರು. ಬಟಾಣಿ ಗಿಡಗಳಲ್ಲಿ ಅನುವಂಶೀಯತೆಯ ನಿಯಮ ಕಂಡ ಮೆಂಡೆಲ್ ಅಗಸ್ಟಿನ್ ಸಭೆಯ ಸನ್ಯಾಸಿ. ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲಿ ಗಣಿತದಿಂದ ತೋರಿಸಿದ ಲೆಮೈತ್ರ್ ಬೆಲ್ಜಿಯಂನ ಧರ್ಮಗುರು. ತಮ್ಮ ಸಿದ್ಧಾಂತವನ್ನು ದೇವರ ಇರವಿಗೆ ಪುರಾವೆಯಾಗಿ ಬಳಸುವುದು ಈ ಧರ್ಮಗುರುವಿಗೇ ಹಿಡಿಸಲಿಲ್ಲವೆಂಬುದು ಗಮನಾರ್ಹ. ವಿಜ್ಞಾನಕ್ಕೆ ಇಂದು ತಿಳಿಯದ ಸಂದಿಯಲ್ಲಿ ದೇವರನ್ನು ಕೂರಿಸಿದರೆ, ನಾಳೆ ಆ ಸಂದಿ ಮುಚ್ಚಿದಾಗ ದೇವರನ್ನು ಎಲ್ಲಿಗೆ ಕಳುಹಿಸುವುದು? ನಮ್ಮ ದೇವರು ಸಂದಿಗಳ ದೇವರಲ್ಲ. ತಿಳಿದದ್ದಕ್ಕೂ ತಿಳಿಯದ್ದಕ್ಕೂ ಒಡೆಯ.

ದೂರದ ಬೆಲ್ಜಿಯಂವರೆಗೆ ಹೋಗುವುದೂ ಬೇಡ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಈ ಸೀಮೆಯ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಫ್ರೆಂಚ್ ಯಾಜಕ ಅಬ್ಬೆ ದುಬಾಯ್‌ರವರನ್ನು ನೆನೆಯೋಣ. ಸಿಡುಬಿಗೆ ಲಸಿಕೆಯುಂಟೆಂದು ಇಂಗ್ಲೆಂಡಿನ ಜೆನ್ನರ್ ಪ್ರಕಟಿಸಿದ್ದು 1798ರಲ್ಲಿ. ಅದಾಗಿ ಆರು ವರ್ಷ ತುಂಬುವಷ್ಟರಲ್ಲಿ, 1803–04ರಲ್ಲಿ, ಈ ಯಾಜಕರು ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ತಲುಪಿಸಿದ್ದರು. ಹೊಸ ವಿಜ್ಞಾನವನ್ನು ಕಂಡು ಅವರು ಕಿಟಕಿ ಮುಚ್ಚಿಕೊಳ್ಳಲಿಲ್ಲ. ಅವರು ಓಡಾಡಿದ ನೆಲದಲ್ಲೇ ನಾವಿಂದು ಟಿ.ವಿ. ಆರಿಸುತ್ತಿದ್ದೇವೆ.

ಆ ನೆಲವಾದರೂ ಸಾಮಾನ್ಯವೇ? ಮಂಡ್ಯ ಸೀಮೆಯ ಬಹುಪಾಲು ತಳಗಲ್ಲು ಭೂವಿಜ್ಞಾನಿಗಳು 'ಪೆನಿನ್ಸುಲರ್ ನೈಸ್' ಎನ್ನುವ, 300 ಕೋಟಿ ವರ್ಷಗಳಷ್ಟು ಹಳೆಯ ಶಿಲೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಾವು ಹತ್ತಿ ಕಡಲೆಕಾಯಿ ತಿನ್ನುವ ಬಂಡೆಯೂ ಇದೇ. ಅದೊಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಂಗಳೂರಿನ ದಾರಿಯಲ್ಲಿ ಸಿಗುವ ರಾಮನಗರದ ಬೆಟ್ಟಗಳ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಂತೂ ಸುಮಾರು 260 ಕೋಟಿ ವರ್ಷಗಳ ಹಿಂದೆ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್ ರಚನೆಗಳಿವೆ. ಜೀವದ ಉಗಮದ ಚಿತ್ರಗಳು ಇಂಥವನ್ನು ತೋರಿಸಲು ಆಸ್ಟ್ರೇಲಿಯಕ್ಕೆ ಹೋಗುತ್ತವೆ. ನಮಗದು ಒಂದು ದಿನದ ಪ್ರಯಾಣ. ಕಲ್ಲುಗಳೂ ಕೂಗಬಲ್ಲವೆಂಬುದು ಶುಭಸಂದೇಶ ಓದುವವರಿಗೆ ಹೊಸ ಮಾತಲ್ಲ. ಅವುಗಳ ಸಾಕ್ಷಿಗೆ ಕಿವಿ ಮುಚ್ಚಿ ಸೃಷ್ಟಿಕರ್ತನನ್ನು ಸ್ತುತಿಸಿದರೆ, ಅದೆಂಥ ಸ್ತುತಿ?

ನಾವು ಅಂಜಬೇಕಾದದ್ದು ಬೇರೆ ಇದೆ: ರಹಸ್ಯವನ್ನು ಸರಕಾಗಿಸಿ ಮಾರುವ ಕಾರ್ಯಕ್ರಮಗಳಿಗೆ. 2012ರಲ್ಲಿ ಅನಿಮಲ್ ಪ್ಲಾನೆಟ್ ವಾಹಿನಿ ಮತ್ಸ್ಯಕನ್ಯೆಯರು ಸಿಕ್ಕರೆಂಬ ಕಟ್ಟುಕಥೆಯನ್ನು ಸಾಕ್ಷ್ಯಚಿತ್ರದ ವೇಷದಲ್ಲಿ ಬಿತ್ತರಿಸಿತು. ಮರುವರ್ಷ ಡಿಸ್ಕವರಿ ವಾಹಿನಿ, ಲಕ್ಷಾಂತರ ವರ್ಷಗಳ ಹಿಂದೆ ಅಳಿದ ಮೆಗಲೊಡಾನ್ ಎಂಬ ದೈತ್ಯ ಶಾರ್ಕ್ ಇನ್ನೂ ಬದುಕಿರಬಹುದೆಂದು ನಟರಿಂದ ವಿಜ್ಞಾನಿಗಳ ಪಾತ್ರ ಮಾಡಿಸಿತು. ಇದನ್ನು ಕೇಳಿದಾಗ ನನಗೆ ನೆನಪಾಗುವವರು ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ. 1666ರಲ್ಲಿ ಶಾರ್ಕಿನ ತಲೆಯೊಂದನ್ನು ಸೀಳಿ ನೋಡಿದ ಅವರು, ಬಂಡೆಗಳಲ್ಲಿ ಸಿಗುತ್ತಿದ್ದ 'ನಾಲಿಗೆ ಕಲ್ಲು'ಗಳು ಪುರಾತನ ಶಾರ್ಕುಗಳ ಹಲ್ಲುಗಳೆಂದು ಗುರುತಿಸಿದರು. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ಭೂವಿಜ್ಞಾನದ ಮೊದಲ ಪಾಠವನ್ನು 1669ರಲ್ಲಿ ಬರೆದರು. ಮುಂದೆ ಯಾಜಕರಾಗಿ, ಧರ್ಮಾಧ್ಯಕ್ಷರಾಗಿ ದುಡಿದ ಅವರನ್ನು 1988ರಲ್ಲಿ ಧರ್ಮಸಭೆ ಪುನೀತರೆಂದು ಘೋಷಿಸಿತು. ಒಂದೇ ಒಂದು ಹಲ್ಲಿನಿಂದ ಸತ್ಯವನ್ನು ಓದಿದವರು ಒಬ್ಬರು. ಅಂಥ ಹಲ್ಲನ್ನೇ ಹಿಡಿದು ಸುಳ್ಳನ್ನು ನೇಯ್ದವರು ಮತ್ತೊಬ್ಬರು. ನಮ್ಮ ಮಕ್ಕಳು ಯಾರ ಬಳಿ ಕಲಿಯಬೇಕು?

ಒಳ್ಳೆಯ ಚಿತ್ರಗಳೂ ಕೆಲವೊಮ್ಮೆ ಗೆರೆ ದಾಟುತ್ತವೆ, ನಿಜ. ಕೊನೆಯಲ್ಲಿ ಸಂಗೀತ ಏರುತ್ತಿದ್ದಂತೆ ನಿರೂಪಕ, 'ಎಲ್ಲವೂ ಆಕಸ್ಮಿಕ, ಬದುಕಿಗೆ ಬೇರೆ ಅರ್ಥವಿಲ್ಲ' ಎಂದುಬಿಡುವುದುಂಟು. ಅದು ಪ್ರಯೋಗಶಾಲೆಯಲ್ಲಿ ಕಂಡದ್ದಲ್ಲ, ಅವನ ಸ್ವಂತ ತತ್ತ್ವ. ಹೇಗಾಯಿತು ಎಂಬುದನ್ನು ವಿಜ್ಞಾನ ಹೇಳುತ್ತದೆ. ಏಕೆ, ಯಾರಿಗಾಗಿ ಎಂಬುದನ್ನು ಆದಿಕಾಂಡ ಹೇಳುತ್ತದೆ. ಈ ವ್ಯತ್ಯಾಸವನ್ನು ಮಗುವಿನ ಪಕ್ಕದಲ್ಲಿ ಕುಳಿತು ತಿಳಿಸಬೇಕು. ಟಿ.ವಿ. ಆರಿಸಿದವನಿಗೆ ಆ ಅವಕಾಶವೇ ಇಲ್ಲ. ಮಕ್ಕಳಿಗೆ ಮೂರು ಪ್ರಶ್ನೆ ಕಲಿಸಿದರೂ ಸಾಕು: ಇದನ್ನು ಕಂಡವರು ಯಾರು? ಅವರಿಗೆ ಹೇಗೆ ತಿಳಿಯಿತು? ತಮಗೆ ತಿಳಿಯದ್ದನ್ನು ಒಪ್ಪಿಕೊಳ್ಳುತ್ತಾರೆಯೇ? ಅನ್ಯಗ್ರಹದ ಕಥೆ ಇವುಗಳ ಮುಂದೆ ಹತ್ತು ನಿಮಿಷ ನಿಲ್ಲದು.

ಅಜ್ಜಿಗೆ ಒಳ್ಳೆಯದು ಇಂಗ್ಲಿಷಿನಲ್ಲಿ, ಟೊಳ್ಳು ಕನ್ನಡದಲ್ಲಿ ಸಿಕ್ಕಿದ್ದೂ ಒಂದು ಅನ್ಯಾಯವೇ. 2020ರಲ್ಲಿ ತೆರೆಕಂಡ 'ವೈಲ್ಡ್ ಕರ್ನಾಟಕ' ಚಿತ್ರಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೊ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿಯಾದರು. ನಮ್ಮ ಕಾಡಿನ ಕಥೆಯನ್ನು ಕನ್ನಡದಲ್ಲಿ ಹೇಳಬಹುದಾದರೆ ನಮ್ಮ ಕಲ್ಲಿನ ಕಥೆಯನ್ನೂ ಹೇಳಬಹುದು. ಅಲ್ಲಿಯವರೆಗೆ ಧರ್ಮಕೇಂದ್ರಗಳು ಕೈಕಟ್ಟಿ ಕೂರಬೇಕಿಲ್ಲ. ತಿಂಗಳಿಗೊಂದು ಭಾನುವಾರ, ಬಲಿಪೂಜೆಯ ನಂತರ, ಸಭಾಂಗಣದಲ್ಲಿ ಒಂದು ಒಳ್ಳೆಯ ಚಿತ್ರ ಹಾಕೋಣ. ನಮ್ಮವರೇ ಆದ ವಿಜ್ಞಾನದ ಮೇಷ್ಟ್ರೊಬ್ಬರು ಅದನ್ನು ಕನ್ನಡದಲ್ಲಿ ವಿವರಿಸಲಿ. ಸ್ವಾಮಿಯವರು ಪಕ್ಕದಲ್ಲೇ ಕುಳಿತು ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಲಿ. ಮುಂದಿನ ಸಾಲಿನ ಕುರ್ಚಿ ಅಜ್ಜಿಯಂದಿರಿಗಿರಲಿ.

ಗೇಟಿನ ಬಳಿ ಆ ಹುಡುಗನಿಗೆ ನಾನು ಹೇಳಿದ್ದಿಷ್ಟೇ: "ಎರಡೂ ನಿಜವಾಗಿರಬಹುದು ಕಣಪ್ಪ. ನೋಡೋದನ್ನ ನಿಲ್ಲಿಸಬೇಡ." ಅವನು ನಂಬಿದನೋ ಇಲ್ಲವೋ ಕಾಣೆ. ಆದರೆ ಈ ಮಾತನ್ನು ಅವನು ದಾರಿಹೋಕ ಅತಿಥಿಯೊಬ್ಬನಿಂದ ಕತ್ತಲಲ್ಲಿ ಕೇಳಬೇಕಾಯಿತಲ್ಲ, ಅದು ನನ್ನ ಕೊರಗು. ಅವನಿಗದನ್ನು ಮೊದಲು ಹೇಳಬೇಕಾದದ್ದು ಅವನ ಮನೆ, ಅವನ ದೇವಾಲಯ.