ಶರಾವತಿಯ ಘಟ್ಟಕ್ಕೆ ಸೈಕಲ್ಲೇ ಸರಿ
ಹೊನ್ನಾವರದಿಂದ ಜೋಗಕ್ಕೆ ಕಾರಿನಲ್ಲಿ ಹೋಗುವವರಿಗೆ ದಾರಿ ಮಾತ್ರ ಸಿಗುತ್ತದೆ, ಕಾಡು ಸಿಗುವುದು ಸೈಕಲ್ ತುಳಿಯುವವರಿಗೆ. ಗೇರುಸೊಪ್ಪದವರೆಗೆ ಕಷ್ಟವಿಲ್ಲ; ಶರಾವತಿಯ ಪಕ್ಕದಲ್ಲಿ, ಅಡಿಕೆ ತೋಟಗಳ ನಡುವೆ ಹಾಯಾಗಿ ಸಾಗಬಹುದು. ಆಮೇಲೆ ಘಟ್ಟ. ಮಾವಿನಗುಂಡಿ ಮುಟ್ಟುವಷ್ಟರಲ್ಲಿ ಕಡಲಮಟ್ಟದಿಂದ ಸುಮಾರು 500 ಮೀಟರ್ ಮೇಲೇರಿರುತ್ತೀರಿ. ಸೆಕೆಗೆ ಅಂಗಿ ಮೈಗೆ ಅಂಟಿ, ತೊಡೆ ಉರಿಯತೊಡಗಿ, ಸಣ್ಣ ಗೇರಿಗೂ ಚಕ್ರ ಜಗ್ಗದ ತಿರುವುಗಳಲ್ಲಿ ಇಳಿದು ತಳ್ಳಬೇಕಾದರೆ ತಳ್ಳಿ, ಅದರಲ್ಲಿ ಅವಮಾನವೇನೂ ಇಲ್ಲ. ಹಾಗೆ ನಿಧಾನವಾದಾಗಲೇ ಕತ್ತಲೆಕಾನು ಎಂಬ ಕಾಡು ಕಣ್ಣಿಗೆ ಬೀಳುವುದು. ಇಲ್ಲಿ ರಾಂಪತ್ರೆ ಜಡ್ಡಿಗಳಿವೆ: ವರ್ಷವಿಡೀ ನೀರು ಜಿನುಗುವ ಕೆಸರು ನೆಲದಲ್ಲಿ ಮರಗಳು ಉಸಿರಾಡಲೆಂದು ಬೇರನ್ನು ಮಂಡಿಯಂತೆ ಮಡಚಿ ಮೇಲಕ್ಕೆತ್ತಿರುತ್ತವೆ. ಇಂಥ ಜೌಗು ಕಾಡು ಪಶ್ಚಿಮಘಟ್ಟದಲ್ಲಿ ಅಲ್ಲಲ್ಲಿ ಚೂರುಚೂರಾಗಿ ಮಾತ್ರ ಉಳಿದಿದೆ. ನೋಡಿದರೆ ಎದೆ ತುಂಬುತ್ತದೆ, ಜೊತೆಗೇ ಭಯವೂ ಆಗುತ್ತದೆ. ಅದೃಷ್ಟವಿದ್ದರೆ ಮರದ ತುದಿಯಲ್ಲಿ ಸಿಂಗಳೀಕಗಳ ಹಿಂಡು ಕಂಡೀತು. ತಿನ್ನಲು ಮಾತ್ರ ಏನೂ ಕೊಡಬೇಡಿ. ರಸ್ತೆಬದಿಗೆ ಇಳಿದು ಬೇಡುವುದನ್ನು ಕಲಿತ ಕೋತಿ ವಾಹನದಡಿ ಸಾಯುತ್ತದೆ. ಘಟ್ಟ ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿದಿಡದೆ ಒತ್ತಿ ಒತ್ತಿ ಬಿಡಬೇಕು, ಇಲ್ಲದಿದ್ದರೆ ರಿಮ್ಮು ಕಾಯುತ್ತದೆ. ಕರಾವಳಿಗಿಳಿದರೆ ಸಲೀಸು ಎಂದುಕೊಳ್ಳಬೇಡಿ. ಕುಮಟೆಯಿಂದ ಗೋಕರ್ಣದ ಕಡೆ ಗುಡ್ಡಗಳು ಸಮುದ್ರದವರೆಗೂ ಚಾಚಿಕೊಂಡಿವೆ. ಕೆಂಪು ಮುರಕಲ್ಲಿನ ಏರು, ಇಳಿಜಾರು, ಮತ್ತೆ ಏರು, ನೆರಳೇ ಇಲ್ಲ. ಹೆದ್ದಾರಿಯ ಲಾರಿಗಳ ಸಹವಾಸ ಬೇಡವೆಂದರೆ ಅಘನಾಶಿನಿ ಊರಿನಲ್ಲಿ ಸೈಕಲ್ಲನ್ನೂ ದೋಣಿಗೆ ಹತ್ತಿಸಿ ಆಚೆ ದಡದ ತದಡಿಗೆ ದಾಟಿ.