ಕಾಣುತ್ತದಲ್ಲ, ತಪಾಸಣೆ ಏಕೆ?

ಹಲ್ಲು ಕೆಟ್ಟರೆ ರಾತ್ರಿ ನಿದ್ದೆ ಬರುವುದಿಲ್ಲ, ಬೆಳಗಾದರೆ ವೈದ್ಯರ ಬಳಿ ಓಡುತ್ತೇವೆ. ನೋಟ ಮಂದವಾದರೆ ನೋವೇನೂ ಇರುವುದಿಲ್ಲ. ಅದು ದಿನದಿನಕ್ಕೆ ಇಷ್ಟಿಷ್ಟೇ ಮಂದವಾಗುತ್ತದೆ, ನಾವೂ ಇಷ್ಟಿಷ್ಟೇ ಹೊಂದಿಕೊಳ್ಳುತ್ತೇವೆ. ಅಕ್ಕಿ ಆರಿಸುವ ಅಜ್ಜಿ ಮೊದಲು ಮೊರವನ್ನು ಅಂಗಳದ ಬೆಳಕಿಗೆ ಒಯ್ಯುತ್ತಾಳೆ. ಅನ್ನದಲ್ಲಿ ಕಲ್ಲು ಸಿಕ್ಕಿತೆಂದು ಮನೆಯವರು ಗೊಣಗಿದ ಮೇಲೆ ಮೊರವನ್ನೇ ಸೊಸೆಯ ಕೈಗೆ ಕೊಟ್ಟುಬಿಡುತ್ತಾಳೆ. ವಯಸ್ಸಾಯಿತು, ಇನ್ನೇನು ಎನ್ನುವಲ್ಲಿಗೆ ಆ ವಿಷಯ ಮುಗಿಯುತ್ತದೆ. ಹತ್ತಿರದ ನೋಟಕ್ಕೊಂದು ಕನ್ನಡಕ ಸಿಕ್ಕಿದ್ದರೆ ಆಕೆ ಇನ್ನೂ ಎಷ್ಟೋ ವರ್ಷ ಅಕ್ಕಿ ಆರಿಸುತ್ತಿದ್ದಳು, ಹೂ ಕಟ್ಟುತ್ತಿದ್ದಳು.

ಕುರುಡಿನ ಬಗ್ಗೆ ನಮ್ಮ ನಾಡಿಗೆ ತಿಳಿವಳಿಕೆ ಇಲ್ಲವೆಂದಲ್ಲ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ 1896ರಷ್ಟು ಹಳೆಯದು. ಬೀಳಗಿಯ ಡಾ. ಎಂ. ಸಿ. ಮೋದಿ ಊರೂರಿನಲ್ಲಿ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದರು. ಪೊರೆ ಬಂದರೆ ಆಪರೇಷನ್ ಮಾಡಿಸಬೇಕು ಎಂಬುದು ಇಂದು ಹಳ್ಳಿಯ ಕಟ್ಟೆಯ ಮೇಲೆ ಕೂತವರಿಗೂ ಗೊತ್ತು. ಪೂರ್ತಿ ಕಾಣದಿರುವುದಕ್ಕೆ ಚಿಕಿತ್ಸೆ ಉಂಟೆಂದು ತಿಳಿದ ನಮಗೆ, ಅರ್ಧ ಕಾಣುವುದೂ ಒಂದು ತೊಂದರೆ ಎಂಬುದು ಇನ್ನೂ ಮನಸ್ಸಿಗೆ ಹತ್ತಿಲ್ಲ.

ಇದು ಸಣ್ಣ ತೊಂದರೆಯಲ್ಲ. ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿದೋಷವಿದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರ ತೊಂದರೆಯನ್ನು ತಡೆಯಬಹುದಿತ್ತು ಇಲ್ಲವೇ ಸರಿಪಡಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರ ವರದಿಯಲ್ಲಿ ಹೇಳಿತು. ಆ 100 ಕೋಟಿಯಲ್ಲಿ 82 ಕೋಟಿಗೂ ಹೆಚ್ಚು ಜನರದು ನಲವತ್ತರ ಆಸುಪಾಸಿನಲ್ಲಿ ಶುರುವಾಗುವ, ಹತ್ತಿರದ್ದು ಸರಿಯಾಗಿ ಕಾಣದ ತೊಂದರೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಸಿಕ್ಕವರ ಎಲೆ ಕೀಳುವ ಪ್ರಮಾಣ ಶೇ 20ಕ್ಕಿಂತ ಹೆಚ್ಚು ಏರಿತ್ತು. ಕೂಲಿಯವರಿಗೆ ನೋಟವೆಂದರೆ ಸಂಪಾದನೆಯೂ ಹೌದು.

ಹಳ್ಳಿಯವರಿಗೆ ಅರಿವಿಲ್ಲ ಎಂದು ಪೇಟೆಯವರು ಸುಲಭವಾಗಿ ಹೇಳಿಬಿಡುತ್ತಾರೆ. ಹಳ್ಳಿಗಳಲ್ಲಿ ತಪ್ಪು ನಂಬಿಕೆಗಳಿರುವುದು ನಿಜ. ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಎಂಬ ಭಯ, ಹೆಣ್ಣುಮಗಳು ಕನ್ನಡಕ ಹಾಕಿದರೆ ಸಂಬಂಧ ಕೂಡಿಬರುವುದಿಲ್ಲ ಎಂಬ ಅಳುಕು. ಆದರೆ ಪೇಟೆಯಲ್ಲಿ ಆಗುತ್ತಿರುವುದೇನು? ಫ್ರೇಮ್ ಆರಿಸಲು ಅರ್ಧ ಗಂಟೆ, ಕಣ್ಣು ನೋಡಿಸಲು ಎರಡು ನಿಮಿಷ. ಯಂತ್ರದ ಮುಂದೆ ಗದ್ದ ಊರಿದರೆ ಚೀಟಿ ಹೊರಬರುತ್ತದೆ, ಅದೇ ನಂಬರು ಎಂದು ನಂಬುತ್ತೇವೆ. ಆ ಚೀಟಿ ತಪಾಸಣೆಯ ಆರಂಭವಷ್ಟೇ. ಯಂತ್ರದೊಳಗಿನ ಚಿತ್ರ ನೋಡುವಾಗ ಮಕ್ಕಳ ಕಣ್ಣು ತಾನಾಗಿ ಬಿಗಿದುಕೊಳ್ಳುವುದುಂಟು, ಆಗ ಇಲ್ಲದ ಮೈನಸ್ ನಂಬರು ಕಾಣಿಸುತ್ತದೆ. ಅದಕ್ಕೇ ಮಕ್ಕಳಿಗೆ ಹನಿ ಹಾಕಿ, ಕಣ್ಣಿನ ಸ್ನಾಯು ಸಡಿಲವಾದ ಮೇಲೆ ಮತ್ತೆ ನೋಡುವ ಪದ್ಧತಿಯಿದೆ.

ಆ ಕೆಲಸ ಬಲ್ಲವರು ಆಪ್ಟೊಮೆಟ್ರಿಸ್ಟರು. ಶಸ್ತ್ರಚಿಕಿತ್ಸೆ ಮಾಡುವ ನೇತ್ರವೈದ್ಯರು ಬೇರೆ, ಕನ್ನಡಕ ಕೂರಿಸಿ ಕೊಡುವ ಅಂಗಡಿಯವರು ಬೇರೆ. ಆಪ್ಟೊಮೆಟ್ರಿಸ್ಟರು ನೋಟವನ್ನು ಅಳೆಯುವ ವಿದ್ಯೆಯನ್ನೇ ಪದವಿಯಾಗಿ ಓದಿದವರು. ಒಳ್ಳೆಯ ಆಪ್ಟೊಮೆಟ್ರಿಸ್ಟ್ ಕೈಯಲ್ಲೊಂದು ದೀಪ ಹಿಡಿದು ಪಾಪೆಯೊಳಗೆ ಬೆಳಕು ಹೇಗೆ ಸರಿಯುತ್ತದೆಂದು ನೋಡುತ್ತಾರೆ. ಮೂಗಿನ ಮೇಲೆ ಭಾರದ ಕಪ್ಪು ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, ‘ಇದು ಸ್ಪಷ್ಟವೋ, ಮೊದಲಿನದೋ?’ ಎಂದು ತಾಳ್ಮೆಯಿಂದ ಕೇಳುತ್ತಾರೆ. ಓದು ಬಾರದವರಿಗೆ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ ಒಂದೇ ಅಕ್ಷರದ ಫಲಕವಿದೆ. ಅದರ ಗೆರೆಗಳು ಯಾವ ಕಡೆ ಚಾಚಿವೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಗ್ಲಾಕೋಮಾದ ಅಥವಾ ಸಕ್ಕರೆ ಕಾಯಿಲೆಯ ಗುರುತು ಕಂಡರೆ ನೇತ್ರವೈದ್ಯರ ಬಳಿ ಕಳಿಸುತ್ತಾರೆ. ಗ್ಲಾಕೋಮಾದಲ್ಲಿ ಹೋದ ನೋಟ ಮರಳಿ ಬರುವುದಿಲ್ಲ, ಹಾಗಾಗಿ ಬೇಗ ಕಂಡುಹಿಡಿಯುವುದೊಂದೇ ದಾರಿ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ವೃತ್ತಿಯನ್ನೂ ಒಳಗೊಂಡಿದೆ. ಕಾಯ್ದೆ ಕೊಟ್ಟ ಮಾನ್ಯತೆಯನ್ನು ಜನ ಇನ್ನೂ ಕೊಡಬೇಕಿದೆ.

ನನ್ನ ಹೆಚ್ಚಿನ ಆತಂಕ ಮಕ್ಕಳದು. ಹುಟ್ಟಿನಿಂದ ಮಂಜಾಗಿಯೇ ಕಂಡ ಮಗುವಿಗೆ ಜಗತ್ತು ಇರುವುದೇ ಹಾಗೆ. ಅದು ದೂರು ಹೇಳುವುದಿಲ್ಲ. ಪಕ್ಕದವರ ಪುಸ್ತಕ ನೋಡಿ ಬರೆದುಕೊಂಡು ದಡ್ಡನೆಂಬ ಹೆಸರು ಹೊರುತ್ತದೆ. ಒಂದು ಕಣ್ಣು ಮಾತ್ರ ಮಂದವಾಗಿದ್ದರೆ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಮಿದುಳು ಆ ಕಣ್ಣನ್ನು ಕಡೆಗಣಿಸುತ್ತ ಹೋಗುತ್ತದೆ. ಏಳೆಂಟು ವರ್ಷ ದಾಟಿದ ಮೇಲೆ ಅದನ್ನು ಸರಿಪಡಿಸುವುದು ಕಷ್ಟ.

ಆದ್ದರಿಂದ ದೂರು ಬರಲಿ ಎಂದು ಕಾಯಬಾರದು. ಶಾಲೆಗೆ ಸೇರಿಸುವ ಮೊದಲು ಮಗುವಿನ ಎರಡೂ ಕಣ್ಣುಗಳನ್ನು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಬೇಕು. ನಲವತ್ತಾದವರು ಒಮ್ಮೆ, ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು. ಮನೆ ಬಾಗಿಲಲ್ಲೇ ಕಣ್ಣು ತಪಾಸಣೆ ಮಾಡಿ ಉಚಿತ ಕನ್ನಡಕ ಕೊಡುವ ‘ಆಶಾಕಿರಣ’ದಂಥ ಯೋಜನೆ ರಾಜ್ಯದಲ್ಲಿದೆ, ಆಶಾ ಕಾರ್ಯಕರ್ತೆ ಬಂದಾಗ ‘ನಮಗೆ ಚೆನ್ನಾಗಿಯೇ ಕಾಣುತ್ತದೆ’ ಎಂದು ಕಳಿಸಬೇಡಿ. ಸರ್ಕಾರವೂ ಶಿಬಿರ ಮುಗಿಸಿ ಕೈತೊಳೆದುಕೊಳ್ಳದೆ, ಹೋಬಳಿ ಮಟ್ಟದಲ್ಲಿ ವರ್ಷವಿಡೀ ಸಿಗುವ ಆಪ್ಟೊಮೆಟ್ರಿಸ್ಟರನ್ನು ನೇಮಿಸಲಿ. ಲಸಿಕೆ ಹಾಕಿಸಿದೆಯಾ ಎಂದು ಬಾಣಂತಿಯನ್ನು ಕೇಳುವಷ್ಟೇ ಸಹಜವಾಗಿ, ಮಗುವಿನ ಕಣ್ಣು ತೋರಿಸಿದೆಯಾ ಎಂದು ಕೇಳುವ ರೂಢಿ ಪ್ರತಿ ಮನೆಯಲ್ಲೂ ಬೆಳೆಯಬೇಕು.